ನಟ್ಟು ಕಟ್ಟಿದ ಕರ್ಚೀಫು

ಬೆಳಗಾವಿಯ ಹೊರವಲಯದ ಉದ್ಯಮಬಾಗದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಖಾನಾಪುರದವರು ಸಂಜೆ ಅಲ್ಲೇ ರಸ್ತೆಗೆ ಬಂದು ಬಸ್ಸು ಹತ್ತುತ್ತಾರೆ. ಬಸವಪ್ರಸಾದ ಮಾತ್ರ ದಿನವೂ ಊರಿಗೆ ವಿರುದ್ಧ ದಿಕ್ಕಿನಲ್ಲಿ ಬೆಳಗಾವಿ ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಖಾನಾಪುರದ ಬಸ್ಸು ಹಿಡಿದು, ಮತ್ತೆ ತನ್ನ ಫೌಂಡ್ರಿಯ ಗೇಟಿನ ಮುಂದೆಯೇ ಹಾದು ಊರಿಗೆ ಹೋಗುತ್ತಿದ್ದ. ಗೇಟಿನಲ್ಲಿ ನಿಂತ ಗೆಳೆಯರು ಅವನಿಗೆ ಕೈ ಬೀಸಿ ನಗುತ್ತಿದ್ದರು.

ಇದಕ್ಕೆಲ್ಲ ಕಾರಣ ಪೂರ್ಣಿಮಾ. ಆಕೆಯೂ ಖಾನಾಪುರದವಳೇ, ಬೆಳಗಾವಿಯ ಒಂದು ರಕ್ತ ತಪಾಸಣೆ ಲ್ಯಾಬಿನಲ್ಲಿ ಕೆಲಸ. ಆಕೆ ನಿಲ್ದಾಣಕ್ಕೆ ಬರುವ ಹೊತ್ತಿಗೆ ಬಸ್ಸಿನಲ್ಲಿ ಸೂಜಿ ಊರಲೂ ಜಾಗವಿರುತ್ತಿರಲಿಲ್ಲ. ಹೆಂಗಸರಿಗೆ ಟಿಕೆಟ್ ತೆಗೆದುಹಾಕಿದ ಮೇಲಂತೂ ಕೇಳುವುದೇ ಬೇಡ. ಹಾಗಾಗಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಕರ್ಚೀಫು ಒಗೆದು ಸೀಟು ಹಿಡಿಯುವ ಹೊಣೆಯನ್ನು ಪ್ರಸಾದ ಹೊತ್ತಿದ್ದ. ಒಮ್ಮೆ ಕರ್ಚೀಫು ಬಿದ್ದರೆ ಸೀಟು ಅವರದ್ದೇ. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ.

ಪ್ರಸಾದ ಫೌಂಡ್ರಿಯಲ್ಲಿ ಎರಕದ ತುಂಡುಗಳ ಗಡಸುತನ ಅಳೆಯುವವನು. ಯಾವುದನ್ನೂ ಅಂದಾಜಿಗೆ ಬಿಡುವ ಜಾಯಮಾನ ಅವನದಲ್ಲ. ಮೊದಲ ವಾರ ಎರಡು ಕರ್ಚೀಫು ಗಾಳಿಗೆ ಹಾರಿ ಗಾಲಿಯ ಕೆಳಗೆ ಹೋದವು. ಆಗ ಪೂರ್ಣಿಮಾ ಮೂಲೆಯಲ್ಲಿ ‘ಪೂ’ ಎಂದು ನೀಲಿ ದಾರದಿಂದ ಕಸೂತಿ ಹಾಕಿದ ಒಂದು ಕರ್ಚೀಫು ಕೊಟ್ಟಳು. ಅವನು ಅದರ ಎದುರು ಮೂಲೆಗೆ ಹನ್ನೊಂದು ಗ್ರಾಂ ತೂಕದ ಒಂದು ನಟ್ಟು ಕಟ್ಟಿದ. ಅಂದಿನಿಂದ ಆರು ತಿಂಗಳು ಒಂದೇ ಒಂದು ಎಸೆತವೂ ತಪ್ಪಿರಲಿಲ್ಲ. ಬಾಗಿಲಿನಿಂದ ಮೂರನೆಯ ಕಿಟಕಿ, ಇಬ್ಬರ ಸೀಟು. ಪ್ರೀತಿ ಬೆಳೆದದ್ದೂ ಅಲ್ಲೇ, ಮದುವೆಯ ಮಾತು ಬಂದದ್ದೂ ಅಲ್ಲೇ. ಬರುವ ಭಾನುವಾರ ಪೂರ್ಣಿಮಾಳ ತಂದೆ ಗುರುಪಾದಪ್ಪ ಪ್ರಸಾದನ ಮನೆಗೆ ಬಂದು ಹುಡುಗನನ್ನು ನೋಡುವುದೆಂದು ನಿಶ್ಚಯವಾಗಿತ್ತು.

ಇಂಥ ಹೊತ್ತಿನಲ್ಲಿ ಗುರುವಾರದ ಬಸ್ಸಿನಲ್ಲಿ ಅನಾಹುತವಾಯಿತು. ಅಂದು ಪ್ರಸಾದ ಟವೆಲ್ ಒಗೆದು ಹಿಡಿದ ಮೂರನೆಯ ಕಿಟಕಿಯ ಬಳಿ ಇಬ್ಬರೂ ಕುಳಿತಿದ್ದರು. ಒಂದು ಸಹಕಾರಿ ಸೊಸೈಟಿಯಲ್ಲಿ ಕ್ಲಾರ್ಕ್ ಆಗಿದ್ದ ಪದ್ಮಶ್ರೀ ಎಂಬ ಹುಡುಗಿ ಜನರ ನಡುವೆ ನುಸುಳಿಕೊಂಡು ಬಂದು ಪ್ರಸಾದನ ಕೈಗೊಂದು ಪ್ಲಾಸ್ಟಿಕ್ ಚೀಲ ಕೊಟ್ಟಳು.

“ನಿನ್ನಿ ನಿಮ್ಮ ಕರ್ಚೀಫ ನನ್ನ ಬ್ಯಾಗಿನಾಗ ಉಳದಿತ್ರಿ. ತೊಳದು ಇಸ್ತ್ರಿ ಮಾಡೇನಿ. ನಟ್ಟೂ ಒರಸೇನ್ರಿ.”

ಪೂರ್ಣಿಮಾ ಚೀಲದೊಳಗಿನ ‘ಪೂ’ ನೋಡಿದಳು. ಪ್ರಸಾದನನ್ನು ನೋಡಿದಳು. ಎದ್ದು ಎರಡು ಸೀಟು ಹಿಂದೆ ಹೋಗಿ, ಒಂದು ಅಕ್ಕಿ ಚೀಲದ ಮೇಲೆ ಕುಳಿತಳು.

ಖಾನಾಪುರದಲ್ಲಿ ಇಳಿದ ಮೇಲೆ ವಿಚಾರಣೆ ಶುರುವಾಯಿತು.

“ನಿನ್ನಿ ನಾ ನಂದಗಡಕ್ಕ ತೊಟ್ಟಲ ಕಾರ್ಯಕ್ಕ ಹೋಗಿದ್ದೆ. ನಾ ಇಲ್ಲಂತ ನಿನಗ ಗೊತ್ತಿತ್ತು. ಮತ್ತ ನೀ ಉದ್ಯಮಬಾಗದಾಗ ಹತ್ತೂದ ಬಿಟ್ಟು ಸ್ಟ್ಯಾಂಡಿಗೆ ಯಾಕ ಹೋದಿ?”

“ರೂಢಿ... ಕಾಲು ತಾವ ಹೋದೂ.”

“ಕೈನೂ ತಾವ ಒಗದೂವೇನ?”

“ಪಾಪ, ಆಕಿ ‘ಸರ್, ನನಗೊಂದ ಹಿಡೀರಿ’ ಅಂದ್ಳು.”

“ನೀ ಎದ್ದು ಸೀಟ ಕೊಟ್ಟಿದ್ದರ ನಾ ಬಾಯಿ ಬಿಚ್ಚತಿದ್ದಿಲ್ಲ. ಅದು ಮಾನವೀಯತೆ. ಆದ್ರ ಹಿಡದು ಕೊಡೂದು ಬ್ಯಾರೆ. ಅದೂ ನನ್ನ ಕರ್ಚೀಫಿಂದ!” ಆಟೋದ ಕಡೆಗೆ ಹೊರಟವಳು ತಿರುಗಿದಳು. “ಅಪ್ಪನ್ನ ಕರಕೊಂಡ ಬರಬೇಕೋ ಬ್ಯಾಡೋ, ಶನಿವಾರ ಹೇಳ್ತೇನಿ.”

ಪ್ರಸಾದ ಮನೆಗೆ ಹೋಗಿ ತನಗೆ ಗೊತ್ತಿದ್ದ ಏಕೈಕ ದಾರಿ ಹಿಡಿದ. ಫೌಂಡ್ರಿಯ ತಪಾಸಣೆ ಹಾಳೆಯ ಹಿಂಬದಿಗೆ ಗೆರೆ ಎಳೆದು ‘ಮೋಸ ಹೌದೋ ಅಲ್ಲವೋ’ ಎಂಬ ತಖ್ತೆ ಹಾಕಿದ. ಮೊದಲೇ ಯೋಚಿಸಿದ್ದೇ? ಇಲ್ಲ. ಕಿಟಕಿ ಪಕ್ಕ ಯಾರು? ಆಕೆ. ಮೊಣಕೈ ತಗುಲಿತೇ? ಮಚ್ಛೆ ಊರಿನ ತಿರುವಿನಲ್ಲಿ ಒಮ್ಮೆ; ಷರಾ: ಡ್ರೈವರನ ತಪ್ಪು. ಶೇಂಗಾ ಹಂಚಿಕೊಂಡದ್ದು? ಇಲ್ಲ, ಷರಾ: ಆಕೆ ಕೊಟ್ಟಳು, ನಾಲ್ಕು ಕಾಳು ಮಾತ್ರ. ಎಲ್ಲ ಕೂಡಿಸಿ ನೋಡಿದರೆ ಮೋಸದ ಪ್ರಮಾಣ ಶೇಕಡಾ ಹದಿನಾಲ್ಕು ಬಂತು. ಫೌಂಡ್ರಿಯಲ್ಲಿ ಇಷ್ಟಕ್ಕೆ ಮಾಲು ಪಾಸಾಗುತ್ತಿರಲಿಲ್ಲ. ಆದರೆ ಆ ಮಾತನ್ನು ಅವನು ಬರೆಯಲಿಲ್ಲ.

ಶುಕ್ರವಾರ ಅವನು ಸೀಟು ಹಿಡಿದ, ಪೂರ್ಣಿಮಾ ಕುಳಿತಳು. ಪಕ್ಕದ ಸೀಟಿನ ಮೇಲೆ ತನ್ನ ಟಿಫಿನ್ ಚೀಲ ಇಟ್ಟಳು. ಪ್ರಸಾದ ಕಂಬಿ ಹಿಡಿದು ನಿಂತು ಹಾಳೆ ಚಾಚಿದ. ಆಕೆ ಓದುತ್ತಿರುವಾಗ ಕಂಡಕ್ಟರ್ ಮಾಯಪ್ಪನೂ ಬಗ್ಗಿ ಓದಿದ.

“ನಾಕ ಕಾಳಂತ ಖರೇ ಎಣಸೀರೇನ್ರಿ ಸರ?”

“ಎಣಸೇನಿ, ಮಾಯಪ್ಪಣ್ಣ.”

“ಹಂಗಾರ ಲಕ್ಷ್ಯ ಶೇಂಗಾದ ಮ್ಯಾಲ ಇತ್ತು, ಹುಡುಗಿ ಮ್ಯಾಲ ಇದ್ದಿಲ್ಲ. ಬಿಡ್ರಿ ಅಕ್ಕಾರ, ಮಾಫ್ ಮಾಡ್ರಿ!”

ಆಟೋ ನಗರದ ಗ್ಯಾರೇಜಿನ ಮೀರಾಸಾಬ ಚಾಚಾ ಹಿಂದಿನ ಸೀಟಿನಿಂದ ತಲೆ ಹಾಕಿದ. “ನಾ ನಲವತ್ತ ವರ್ಷದಾಗ ನಮ್ಮ ಬಿಲ್ಕೀಸಗ ಒಂದ್ ದಿನಾನೂ ಸೀಟ ಹಿಡದಿಲ್ಲವಾ. ಇದನ್ನ ಆಕಿಗಿ ಯಾರೂ ಹೇಳಬ್ಯಾಡ್ರಿ ಮತ್ತ.”

ಬಸ್ಸೆಲ್ಲ ನಕ್ಕಿತು. ಪೂರ್ಣಿಮಾ ನಗಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

“ಇದರಾಗ ಒಂದು ಪ್ರಶ್ನೆ ಇಲ್ಲ. ನೀ ಕರ್ಚೀಫ ಒಗದ ಮ್ಯಾಲ ಆಕಿ ಏನಂದ್ಳು?”

ಪ್ರಸಾದನ ಕಿವಿ ಬಿಸಿಯಾದವು. “...‘ಭಾರಿ ಗುರಿ ಐತ್ರಿ ನಿಮ್ದು’ ಅಂದ್ಳು.”

“ನೀ ನಕ್ಕಿಯೇನು?”

ಗಡಸುತನದ ಯಂತ್ರದ ಮುಂದೆ ಅವನು ಎಂದೂ ಸುಳ್ಳು ಅಂಕಿ ಬರೆದವನಲ್ಲ. ಉದ್ಯಮಬಾಗ ಹಾದುಹೋಯಿತು. ಗೆಳೆಯರು ಕೈ ಬೀಸಿದರು. ಅವನು ಹೇಳಿಬಿಟ್ಟ.

“ನಕ್ಕೆ. ಊರು ಬರೂತನಾ ನಗಕೋತನ ಇದ್ದೆ. ಇಷ್ಟ ದಿನದಾಗ ನೀ ಒಮ್ಮೆನೂ ಹಂಗ ಅಂದಿದ್ದಿಲ್ಲ.”

ಪೂರ್ಣಿಮಾ ಕಿಟಕಿಯ ಆಚೆ ನೋಡಿದಳು. ಖಾನಾಪುರ ಬರುವವರೆಗೂ ಟಿಫಿನ್ ಚೀಲ ಸೀಟು ಬಿಟ್ಟು ಕದಲಲಿಲ್ಲ.

ಶನಿವಾರ ಪ್ರಸಾದ ನಿಲ್ದಾಣದಲ್ಲಿ ಒಬ್ಬನೇ ನಿಂತಿದ್ದ. ಬಸ್ಸು ತಿರುಗಿ ಬಂತು. ಒಗೆಯಬೇಕೋ ಬೇಡವೋ ತಿಳಿಯದೆ ಕರ್ಚೀಫನ್ನು ಬೆರಳಿಗೆ ಸುತ್ತುತ್ತಿರುವಾಗ, ಹಿಂದಿನಿಂದ ಪೂರ್ಣಿಮಾಳ ದನಿ ಕೇಳಿತು.

“ಏನ್ ನೋಡಾಕತ್ತಿ? ಎರಡು ಹಿಡಿ!”

ನಟ್ಟು ಗಾಳಿಯನ್ನು ಸೀಳಿಕೊಂಡು ಮೂರನೆಯ ಕಿಟಕಿಯೊಳಗೆ ಹೋಯಿತು. ಪ್ರಸಾದ ಜನರನ್ನು ಸರಿಸಿ ಒಳಗೆ ದಾರಿ ಮಾಡಿದ. ಪೂರ್ಣಿಮಾ ಬಂದಳು. ಆಕೆಯ ಹಿಂದೆ ಬಿಳಿ ಟೋಪಿ ಹಾಕಿದ ದಪ್ಪ ಮೀಸೆಯ ಹಿರಿಯರೊಬ್ಬರು, ನಾಳಿನ ಹಣ್ಣು ಹೂವಿನ ಚೀಲ ಹಿಡಿದುಕೊಂಡು ಬಂದರು. ಇಬ್ಬರೂ ಕುಳಿತರು. ಸೀಟು ತುಂಬಿತು.

“ಮತ್ತ ನಾನು?” ಎಂದ ಪ್ರಸಾದ, ಮೆಲ್ಲಗೆ.

“ಖಾನಾಪುರದ ತನಕ ನಿಂತಕೊಂಡ ಬಾ. ಶೇಕಡಾ ಹದಿನಾಲ್ಕಕ್ಕ ಅಷ್ಟ ಶಿಕ್ಷಾ.”

ಹಿರಿಯರು ಸೀಟಿನ ಮೇಲೆ ಬಿದ್ದಿದ್ದ ಕರ್ಚೀಫು ಎತ್ತಿ, ನಟ್ಟನ್ನು ಅಂಗೈಯಲ್ಲಿ ತೂಗಿ ನೋಡಿದರು. “ಯಾರವಾ ಈ ಹುಡುಗ?”

“ನಾಳಿ ನಾವು ಹೋಗೂದು ಇವರ ಮನಿಗೇ, ಅಪ್ಪಾ.”

ಗುರುಪಾದಪ್ಪ ಪ್ರಸಾದನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಭಾರಿ ಗುರಿ ಐತಿ ಬಿಡಪಾ ನಿಂದು!”

ಪ್ರಸಾದನ ತುಟಿ ಅರಳಲು ಹೊರಟು ಅರ್ಧಕ್ಕೇ ನಿಂತಿತು. ಅವನು ಪೂರ್ಣಿಮಾಳ ಮುಖ ನೋಡಿದ.

“ನಗು,” ಎಂದಳು ಆಕೆ. “ಇದಕ್ಕ ನಡೀತೈತಿ.”