ಕೈ ಕಂಡ ಹದ

ಕೂಸಿಗೆ ನೀರು ಹಾಕುವುದನ್ನು ನನಗೆ ಕಲಿಸಲು ಆಶಾ ಕಾರ್ಯಕರ್ತೆ ವೀಣಾ ಚೆಟ್ಟಳ್ಳಿಯಿಂದ ಸ್ಕೂಟರಿನಲ್ಲಿ, ಎಸ್ಟೇಟಿನ ಕೂಲಿಯವರ ಸಾಲಿನಲ್ಲಿರುವ ನಮ್ಮ ಲೈನ್ ಮನೆಗೆ ಬಂದಿದ್ದಳು. ಅಜ್ಜಿಗೆ ಕೆಮ್ಮು ಕಲಿಸುವುದು ಎಂದರೆ ಇದೇ. ಈ ಎಸ್ಟೇಟಿನ ಲೈನ್‌ಗಳಲ್ಲಿ ಮೂವತ್ತು ವರ್ಷದಿಂದ ಹುಟ್ಟಿದ ಮಕ್ಕಳಿಗೆಲ್ಲ ನೀರು ಹಾಕಿದವಳು ನಾನು, ಈ ಮುತ್ತಿ. ವೀಣಾಳಿಗೆ ಇನ್ನೂ ಮದುವೆಯೂ ಆಗಿಲ್ಲ.

ಅವಳು ನನ್ನ ಬಾಣಂತಿ ಮಗಳು ತುಳಸಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದಳು. ಟಬ್ಬಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಾಲ್ಕು ಬೆರಳು ನೀರು ಸಾಕು. ಕತ್ತಿನ ಕೆಳಗೆ ಯಾವಾಗಲೂ ಕೈ ಇರಲಿ. ಮೂಗಿಗೆ ಊದಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ, ಹೊಗೆ ಹಾಕಬೇಡಿ. ಬರೀ ಬೇಡಿ, ಬೇಡಿ. ಪ್ಲಾಸ್ಟಿಕ್ ಗೊಂಬೆಯೊಂದನ್ನು ಹಿಡಿದು ತೋರಿಸಿದ್ದೂ ಆಯಿತು. ಅದು ಅಳುವುದಿಲ್ಲ, ಒದೆಯುವುದಿಲ್ಲ. ಅಂಥ ಕೂಸಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ನೀರು ಹಾಕಿಯಾರು.

"ನೀರಿಗೆ ಕೈ ಹಾಕಿ ನೋಡಿದ್ರೆ ಗೊತ್ತಾಗಲ್ಲ, ಮೊಣಕೈ ಅದ್ದಿ ನೋಡಿ," ಎಂದಳು ಕೊನೆಗೆ. "ಕೂಸು ಎರಡೂಕಾಲು ಕೇಜಿ ಅಷ್ಟೇ. ಚರ್ಮ ತೆಳು."

ನನಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ದೇವ್ರು ಅಂಗೈ ಕೊಟ್ಟಿರೋದು ಯಾಕಮ್ಮ?"

"ನಿಮ್ದು ಒಳ್ಳೆಮೆಣಸು ಅದ್ದೋ ಕೈ ಅಲ್ವಾ ಮುತ್ತಿಯಕ್ಕ," ಎಂದಳು.

ಹೌದು, ಅದೇ ಕೈ. ಒಳ್ಳೆಮೆಣಸನ್ನು, ಪೇಟೆಯವರ ಕರಿಮೆಣಸನ್ನು, ಒಣಗಿಸುವ ಮೊದಲು ಬುಟ್ಟಿಯಲ್ಲಿ ತುಂಬಿ ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು, ಆಗಲೇ ಕಾಳು ಕಪ್ಪಗೆ ಹೊಳೆಯುವುದು. ಹದಿನೈದನೆಯ ವಯಸ್ಸಿನಿಂದ ಆ ಹಂಡೆಯ ಮುಂದೆ ನಿಂತಿದ್ದೇನೆ. ಗಂಡಸರು ಬುಟ್ಟಿಯ ಹಿಡಿಗೆ ಗೋಣಿ ಸುತ್ತಿಕೊಂಡು ಹಿಡಿಯುತ್ತಾರೆ, ನಾನು ಬರಿಗೈಯಲ್ಲಿ ಎತ್ತುತ್ತೇನೆ. ಇಂಥ ಕೈಯನ್ನು ಬಿಟ್ಟು ಮೊಣಕೈಯನ್ನು ನಂಬಬೇಕಂತೆ.

ತುಳಸಿ ಮಾತ್ರ ತಲೆಯಾಡಿಸುತ್ತ ಕೇಳಿದಳು. ಅವಳು ಮೊದಲಿನಿಂದಲೂ ನೀರಿಗೆ ಪುಕ್ಕಲಿ. ಐದಾರು ವರ್ಷದವಳಿದ್ದಾಗ ಬಚ್ಚಲಿಗೆ ಕರೆದರೆ ಕಾಫಿ ಗಿಡಗಳ ನಡುವೆ ಓಡಿ ಅಡಗುತ್ತಿದ್ದಳು. ಜುಟ್ಟು ಹಿಡಿದು ಎಳೆತಂದು, ಬೆನ್ನಿಗೆರಡು ಕೊಟ್ಟು ನೀರು ಹಾಕಬೇಕಿತ್ತು. ಮದುವೆಯಾಗಿ ಕೊಡ್ಲಿಪೇಟೆಗೆ ಹೋದ ಮೇಲೂ ಬುದ್ಧಿ ಬಂದಿಲ್ಲ. ಈಗ ಹೆರಿಗೆಗೆ ಬಂದವಳು ವೀಣಾ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡಳು. ಹೆತ್ತ ಕೂಸಿಗೆ ನೀರು ಹಾಕಲು ಮೊಬೈಲು ಬೇಕಾದ ತಾಯಿ. ಥೂ.

ಹೊಕ್ಕುಳಬಳ್ಳಿ ಬಿದ್ದು ಒಣಗುವವರೆಗೂ ಒದ್ದೆ ಬಟ್ಟೆಯಲ್ಲಿ ಒರೆಸಿಯೇ ದಿನ ತಳ್ಳಿದಳು. ಹದಿನಾರನೆಯ ದಿನ ಬೆಳಗ್ಗೆ ನಾನು ಬಿಡಲಿಲ್ಲ. ಕಾಫಿ ಸೌದೆ ಹಾಕಿ ಹಂಡೆ ಕಾಯಿಸಿದೆ. ಬಚ್ಚಲಿನಲ್ಲಿ ತುಳಸಿ ತಂದಿಟ್ಟಿದ್ದ ಟಬ್ಬನ್ನು ಕಾಲಿನಿಂದ ಮೂಲೆಗೆ ತಳ್ಳಿ, ಮಣೆಯ ಮೇಲೆ ಕಾಲು ಚಾಚಿ ಕುಳಿತು, ಕೂಸನ್ನು ಕಾಲುಗಳ ಮೇಲೆ ಮಲಗಿಸಿಕೊಂಡೆ. ಬಕೆಟ್ಟಿನಲ್ಲಿ ಬೆರೆಸಿಟ್ಟ ನೀರಿಗೆ ಕೈ ಅದ್ದಿದೆ. ಹದವಾಗಿತ್ತು.

"ಅವ್ವ, ನಾನೊಂದ್ಸಲ ಮೊಣಕೈ ಅದ್ದಿ ನೋಡ್ತೀನಿ."

"ನಿನ್ನ ಸಾಕಿದ ಕೈ ಇದು. ಸುಮ್ನೆ ನಿಂತ್ಕೊ."

"ಆವಿ ಏಳ್ತಿದೆ ಅವ್ವ."

"ಈ ಚಳಿಗೆ ಆವಿ ಏಳ್ದೆ ಇನ್ನೇನು ಏಳುತ್ತೆ? ಕೂಸು ಒಂಚೂರು ಅಳ್ಲಿ. ಅತ್ರೆ ಮೈ ಗಟ್ಟಿಯಾಗುತ್ತೆ."

ಚೊಂಬು ತುಂಬಿ ಎತ್ತಿದೆ. ಸುರಿಯುವಷ್ಟರಲ್ಲಿ ತುಳಸಿ ಬಗ್ಗಿ ತನ್ನ ತೋಳನ್ನು ಅಡ್ಡ ತಂದು ಚೊಂಬನ್ನು ಆಚೆಗೆ ತಳ್ಳಿದಳು. ನೀರೆಲ್ಲ ಅವಳ ತೋಳಿನ ಮೇಲೆ ಬಿದ್ದು ನೆಲಕ್ಕೆ ಹರಿಯಿತು. ಕೂಸಿಗೆ ಏನೂ ತಾಗಲಿಲ್ಲ. ಮೊಣಕೈಯಿಂದ ಮಣಿಕಟ್ಟಿನವರೆಗೆ ಅವಳ ಚರ್ಮ ಕೆಂಪಗಾಯಿತು. ಅವಳು ಕೂಸನ್ನು ಎತ್ತಿ ಎದೆಗೊತ್ತಿಕೊಂಡು, ಸುಟ್ಟ ತೋಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಳು.

ನಾಟಕ ಎಂದುಕೊಂಡೆ. ಬಕೆಟ್ಟಿಗೆ ಮತ್ತೆ ಕೈ ಅದ್ದಿದೆ. ಹದವಾಗಿಯೇ ಇತ್ತು. ನನಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು. ಆ ವೀಣಾಳ ಮಾತು ಸುಳ್ಳೆಂದು ತೋರಿಸುವುದಕ್ಕೆಂದೇ ಮೊಣಕೈ ಅದ್ದಿದೆ.

ಅದ್ದಿದಷ್ಟೇ ಬೇಗ ಹಿಂದಕ್ಕೆಳೆದುಕೊಂಡೆ. ಕಣ್ಣಲ್ಲಿ ನೀರು ಬಂತು.

ನಲ್ಲಿ ಸುರಿಯುತ್ತಲೇ ಇತ್ತು. "ಚಿಕ್ಕೋಳಿದ್ದಾಗ ಓಡಿ ಹೋಗ್ತಿದ್ಯಲ್ಲ," ಎಂದೆ. "ನೀರು ಬಿಸಿ ಅಂತ ಬಾಯಿಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳ್ತಿದ್ದೆ ಅವ್ವ. ದಿನಾ ಹೇಳ್ತಿದ್ದೆ. ಅದಕ್ಕೇ ನೀನು ಹೊಡೀತಿದ್ದಿದ್ದು."

ನನ್ನ ಕಾಲಿನ ಮೇಲೆ ಮಲಗಿ ಅತ್ತ ಮಕ್ಕಳೆಲ್ಲ ನೆನಪಾದರು. ಅವರು ಅತ್ತಷ್ಟೂ, ಮೈ ಗಟ್ಟಿಯಾಗುತ್ತದೆ ಎನ್ನುತ್ತ ಇನ್ನೊಂದು ಚೊಂಬು ಹಾಕಿದ್ದೆ. ವೀಣಾಳಿಗೆ ಮನಸ್ಸಿನಲ್ಲೇ ಉಗಿದಷ್ಟೂ ಉಗಿತ ಈ ನನ್ನ ಕೈಗೆ ಸಲ್ಲಬೇಕಿತ್ತು.

ತುಳಸಿಯ ತೋಳಿನ ಉರಿ ತಗ್ಗುವವರೆಗೆ ಕಾದೆ. ಆಮೇಲೆ ಮೂಲೆಯಿಂದ ಟಬ್ಬನ್ನು ಎಳೆದು, ಮೊದಲು ತಣ್ಣೀರು ಹಾಕಿದೆ, ಅದರ ಮೇಲೆ ಬಿಸಿನೀರು. "ನೀನೇ ನೋಡು," ಎಂದೆ. ತುಳಸಿ ಇನ್ನೊಂದು ಕೈಯ ಮೊಣಕೈ ಅದ್ದಿ, ಅರ್ಧ ಚೊಂಬು ತಣ್ಣೀರು ಹಾಕು ಎಂದಳು. ಹಾಕಿದೆ. ಕತ್ತಿನ ಕೆಳಗೆ ಕೈ ಕೊಟ್ಟು ಅವಳೇ ಕೂಸನ್ನು ನೀರಿಗಿಳಿಸಿದಳು.

ಕೂಸು ಕಾಲಾಡಿಸಿತು, ಕಣ್ಣು ಬಿಟ್ಟು ನನ್ನ ಕಡೆ ನೋಡಿತು. ಮೈಗೆ ನೀರು ಬಿದ್ದ ಕೂಸು ಅಳದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.