ಸುರುಳಿಯ ತುಂಡು

ಸನಮ ಕರೆಂಟ್ ಒಲೆಯ ಎರಡು ವೈರುಗಳನ್ನು ಬೇರೆ ಮಾಡಿ, ಗಂಡನ ಚೀಲದಲ್ಲಿದ್ದ ಕರೆಂಟ್ ಅಳೆಯುವ ಮೀಟರಿನ ಇಕ್ಕಳವನ್ನು ಒಂದಕ್ಕೆ ಸಿಕ್ಕಿಸುತ್ತಿದ್ದಳು. ನೆರೆಮನೆಗಳಿಂದ ಊಟದ ಡಬ್ಬಿ ಬರುವುದು ನಿಂತಿತ್ತು. ಇನ್ನು ಚಹಾ ಮನೆಯಲ್ಲೇ ಆಗಬೇಕು. ಗ್ಯಾಸ್ ಇನ್ನೂ ಬಂದಿರಲಿಲ್ಲ.

“ಆ ಹಾಳ ಒಲಿ ಮುಟ್ಟಬ್ಯಾಡ ಬೇಟಿ,” ಎಂದಳು ಅತ್ತೆ ರಾಜಬೀ ಮಂಚದಿಂದಲೇ. “ನನ್ನ ಮಗನ್ನ ತಿಂದಿದ್ದು ಸಾಲದೇನು?”

“ಬರೇ ನೋಡತೀನಿ ಅಮ್ಮಿ.”

ಅವಳ ಗಂಡ ಸೊಹೈಲ ಆಟೋ ನಗರದ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ಮಾಡುತ್ತಿದ್ದ. ಗ್ಯಾಸ್ ಮುಗಿದಾಗ ಖಾನಾಪುರದ ಸಾವಂತ್ರವ್ವನಿಂದ ಈ ಒಲೆ ಕೇಳಿ ತಂದಿದ್ದ. ಮದುವೆಗೆ ಮುಂಚೆ ಅವಳ ಮನೆಯಲ್ಲೇ ಬಾಡಿಗೆಗಿದ್ದವನು. ಒಲೆ ಹಚ್ಚಿದಾಗ ಫ್ಯೂಸ್ ಹಾರಿತು. ಹಾಕಲು ಸ್ಟೂಲ್ ಹತ್ತಿದವನು ಜಾರಿ ಬಿದ್ದ. ತಲೆ ಹೊಸ್ತಿಲಿಗೆ ಬಡಿಯಿತು. ಆಗ ಸನಮ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದಳು.

*

ಮಣ್ಣು ಕೊಟ್ಟ ದಿನ ಸಾವಂತ್ರವ್ವ ಗೇಟಿನವರೆಗೆ ಬಂದಿದ್ದಳು.

“ಒಳಗ ಬರಬ್ಯಾಡ ಸಾವಂತ್ರಿ!” ರಾಜಬೀ ಕೂಗಿದಳು. “ಮುರುಕ ಒಲಿ ಕೊಟ್ಟಿ, ಮಗನ್ನ ಕೊಂದಿ!”

“ನನ್ನ ಮನ್ಯಾಗ ವರ್ಷಗಟ್ಲೆ ಉರದೈತಿ ಅಕ್ಕಾ. ಒಮ್ಮಿನೂ ಫ್ಯೂಸ್ ಹಾರಿಲ್ಲ.”

ಸಾವಂತ್ರವ್ವ ಬಾಯಿಗೆ ಸೆರಗು ಹಿಡಿದು ಸ್ಟೇಷನ್ ಕಡೆಗೆ ಹೊರಟುಹೋದಳು.

“ಚಹಾ ಅಂದ್ರ ಸೊಹೈಲ ತಡಕೊಳ್ಳಾವ ಅಲ್ಲ,” ಎಂದಳು ಬಾಜು ಮನೆಯ ಮರಿಯಮ. “ನಮ್ಮನಿಗಿ ಬಂದ್ರ ‘ಕುದೀತೇನು, ಕುದೀತೇನು’ ಅಂತ ಮುಚ್ಚಳ ತಗದ ತಗದ ನೋಡಾವ. ಹಂಗಾಗೇ ಅದು ಕುದೀತಿರಲಿಲ್ಲ!”

ಅಳುತ್ತಿದ್ದವರು ನಕ್ಕುಬಿಟ್ಟರು.

*

ಸನಮ ಸ್ವಿಚ್ ಒತ್ತಿದಳು. ಮೀಟರ್ ಹತ್ತು ಆಂಪಿಯರ್ ತೋರಿಸಿತು. ಫ್ಯೂಸ್ ಹಾರುವ ಮೊದಲೇ ಆರಿಸಿದಳು. ವೋಲ್ಟೇಜ್ ಇನ್ನೂರ ಮೂವತ್ತು. ಹತ್ತರಿಂದ ಭಾಗಿಸಿದರೆ ರೋಧ ಇಪ್ಪತ್ತಮೂರು ಓಮ್. ಗುಣಿಸಿದರೆ ಎರಡು ಸಾವಿರದ ಮುನ್ನೂರು ವಾಟ್. ಒಲೆಯ ತಳದ ತಗಡಿನ ಮೇಲೆ ಸಾವಿರದ ಐನೂರು ಎಂದಿತ್ತು. ಅಷ್ಟೇ ಆಗಬೇಕಾದರೆ ರೋಧ ಮೂವತ್ತೈದು ಇರಬೇಕು. ಮತ್ತೊಮ್ಮೆ ಲೆಕ್ಕ ಹಾಕಿದಳು. ಉತ್ತರ ಅದೇ.

“ಅಮ್ಮಿ, ಇದರ ಸುರುಳಿ ಗಿಡ್ಡ ಆಗೈತಿ. ಮೂರರಾಗ ಒಂದ ಪಾಲು ಇಲ್ಲ. ಗಿಡ್ಡ ಆದಷ್ಟೂ ಕರೆಂಟ್ ಹೆಚ್ಚ ಎಳಿತೈತಿ. ಸಾವಂತ್ರವ್ವ ಮೌಶಿ ಕೊಟ್ಟಾಗ ಹಿಂಗ ಇದ್ದಿದ್ರ ಅವರ ಮನ್ಯಾಗೂ ಫ್ಯೂಸ್ ಹಾರತಿತ್ತು.”

ರಾಜಬೀ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಕಪ್ಪಾದ ಸುರುಳಿಯ ತುಂಡು.

“ಇಲ್ಲಿ ತಂದ ಮ್ಯಾಲ ಕಡದಿತ್ತು. ಸುಟ್ಟಿದ್ದು ಕತ್ತರಿಸಿ ಜೋಡಿಸಿದ. ‘ನೋಡು ಅಮ್ಮಿ, ಇನ್ನ ಲಗೂನ ಕಾಯತೈತಿ’ ಅಂತ ನಕ್ಕ.” ಅವಳ ದನಿ ಸಣ್ಣಗಾಯಿತು. “ನೀರು ಕಾಯವಲ್ದು ಅಂತ ನಾನೇ ಗಡಿಬಿಡಿ ಮಾಡಿದ್ದೆ.”

ಸನಮ ಮಂಚದ ಮೇಲೆ ಅವಳ ಪಕ್ಕ ಕೂತಳು.

“ಸಾವಂತ್ರಿಗಿ ಫೋನ್ ಹಚ್ಚು,” ಎಂದಳು ರಾಜಬೀ.

ಗಂಡ ತೀರಿದ ಮೇಲಿನ ಇದ್ದತ್‌ನ ದಿನಗಳು ಮುಗಿಯುವವರೆಗೆ ಸನಮ ಹೊಸ್ತಿಲು ದಾಟುವಂತಿರಲಿಲ್ಲ. ಮರಿಯಮಳಿಂದ ಹೊಸ ಸುರುಳಿ ತರಿಸಿ, ತಾನೇ ಕೂರಿಸಿದಳು. ಮಧ್ಯಾಹ್ನ ಸಾವಂತ್ರವ್ವ ಬಂದು ಗೇಟಿನಾಚೆಯೇ ನಿಂತಾಗ ಒಲೆಯ ಮೇಲೆ ಚಹಾ ಇತ್ತು.

“ಒಳಗ ಬಾ, ಕುಂದರ. ಸುರುಳಿ ಕತ್ತರಿಸಿದಾವ ನನ್ನ ಮಗ,” ಎಂದಳು ರಾಜಬೀ. “ನಿನ್ನ ಒಲಿದೇನೂ ತಪ್ಪಿಲ್ಲ.”

ಸಾವಂತ್ರವ್ವ ಕೂತಳು. ಫ್ಯೂಸ್ ಹಾರಲಿಲ್ಲ. ರಾಜಬೀ ಮುಚ್ಚಳ ತೆಗೆದು ನೋಡಿದಳು. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದು ನೋಡಿದಳು.

ಮರುದಿನ ಗ್ಯಾಸ್ ಬರುವುದಿತ್ತು. ಸಾವಂತ್ರವ್ವ ಹೊರಡುವಾಗ ಸನಮ ಒಲೆಯನ್ನು ಸೊಹೈಲನ ಚೌಕಳಿ ಲುಂಗಿಯಲ್ಲಿ ಸುತ್ತಿ, ಹೊಸ್ತಿಲ ಒಳಗೇ ನಿಂತು ಹೊರಗೆ ಚಾಚಿದಳು.

“ಇನ್ನೂ ಬಿಸಿ ಐತಿ ಮೌಶಿ. ಆರಲಿ, ಕೆಳಗ ಇಡ್ರಿ.”

ಬಟ್ಟೆಯೊಳಗಿಂದ ಶಾಖ ತಾಗಿತು. ಸಾವಂತ್ರವ್ವ ಕೈ ಬದಲಿಸಿದಳು, ಮತ್ತೆ ಬದಲಿಸಿದಳು. ಕೆಳಗಿಡಲಿಲ್ಲ.