ಬ್ಯಾನರ್ ಹೊತ್ತ ದೇಜಪ್ಪ ಅಂಕಲ್

ದೇಜಪ್ಪ ಅಂಕಲ್ ನಡೆಯುವಾಗ ಅವರ ಎಡ ಹೆಗಲು ಯಾವಾಗಲೂ ತುಸು ಮೇಲೆದ್ದಿರುತ್ತಿತ್ತು. ಕೈ ಖಾಲಿಯಿದ್ದಾಗಲೂ ಅಲ್ಲಿ ಕಾಣದ ಕೋಲೊಂದು ಕೂತಿದೆಯೇನೋ ಎಂಬಂತೆ. ಸಮರ್‌ಸೆಟ್ ಪಟ್ಟಣದಲ್ಲಿ ಪುಟ್ಟ ಹೋಟೆಲು ನಡೆಸುತ್ತಿದ್ದ ಅವರು ಪ್ರತಿ ಅಕ್ಟೋಬರಿನ ಹೋಮ್‌ಕಮಿಂಗ್‌ಗೆ, ಹಳೆಯ ವಿದ್ಯಾರ್ಥಿಗಳೆಲ್ಲ ವಿಶ್ವವಿದ್ಯಾಲಯಕ್ಕೆ ಮರಳುವ ಆ ಶನಿವಾರಕ್ಕೆ, ಮೀನು ಹುರಿದ ವಾಸನೆ ಬಿಡದ ಅದೇ ಕಡುಗೆಂಪು ಕೋಟು ತೊಟ್ಟು ಎಲ್ಲರಿಗಿಂತ ಮೊದಲೇ ಬಂದು ನಿಲ್ಲುತ್ತಿದ್ದರು. ಫುಟ್‌ಬಾಲ್ ಪಂದ್ಯಕ್ಕೆ ಮುನ್ನ ಒಂದೊಂದು ವರ್ಷದ ಪದವೀಧರರೂ ತಮ್ಮ ಇಸವಿಯ ಬ್ಯಾನರಿನ ಕೆಳಗೆ ಮೆರವಣಿಗೆ ಹೋಗುವುದು ಅಲ್ಲಿನ ಪದ್ಧತಿ. 1984ರ ಬ್ಯಾನರಿನ ಕೋಲು ಇವರದೇ. ಬೇರೆ ಯಾರಿಗೂ ಕೊಡುತ್ತಿರಲಿಲ್ಲ.

ಅಪ್ಪ ಅದೇ ವರ್ಷದವರು. ಅವರಿಗೆ ಅಂಕಲ್ ಮೇಲೆ ಮೊದಲಿನಿಂದಲೂ ಗುಮಾನಿ. "ಫೋಟೋ ತೆಗೆಯೋವಾಗ ಮಾತ್ರ ಈ ಮನುಷ್ಯ ಬ್ಯಾನರ್ ಕೆಳಗೆ ನಿಲ್ಲಲ್ಲ, ನೋಡ್ತಿರು," ಎಂದು 2007ರಲ್ಲಿ ನನ್ನ ಕಿವಿಯಲ್ಲಿ ಹೇಳಿದರು. ನೋಡಿದೆ. ನಿಜವೇ. ಉಳಿದವರ ಕೋಟಿನ ತೋಳಿನ ಮೇಲೆ ಇಸವಿಯ ಕಸೂತಿ. ಅಂಕಲ್‌ರ ತೋಳು ಬೋಳು. ಯಾವ ಪ್ರೊಫೆಸರರ ಹೆಸರೆತ್ತಿದರೂ, "ಅವರಾ? ಬಂಗಾರದಂಥ ಜನ ಮಾರಾಯ!" ಎಂಬ ಒಂದೇ ಉತ್ತರ.

ಮರುವರ್ಷ ಬ್ಯಾಂಕುಗಳು ಮುಳುಗಿದ ಮೇಲೆ ಎಲ್ಲರಿಗೂ ಎಲ್ಲರ ಮೇಲೂ ಗುಮಾನಿ. "ಹೇಗಿದ್ದೀಯ" ಎನ್ನುವವರ ಕಣ್ಣು, ಕೆಲಸ ಇನ್ನೂ ಇದೆಯಾ ಎಂದು ಕೇಳುತ್ತಿತ್ತು. 2009ಕ್ಕೆ ಮೆರವಣಿಗೆಯೇ ನಿಂತಿತು. ಅದರ ಬದಲು ಒಂದು ದೊಡ್ಡ ಟೆಂಟು, ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಅಚ್ಚಾದ ನೇಮ್ ಟ್ಯಾಗ್‌ಗಳು. ಹೆಸರು, ಪದವಿಯ ವರ್ಷ, ಕಂಪನಿ. ಟ್ಯಾಗ್ ಇಲ್ಲದವರಿಗೆ ಪ್ರವೇಶವಿಲ್ಲ.

ಅಂಕಲ್‌ರ ಟ್ಯಾಗ್ ಇರಲಿಲ್ಲ. ಮೇಜಿನ ಹುಡುಗಿ ಎರಡು ಸಲ ಹುಡುಕಿದಳು.

"ಏನ್ ದೇಜಪ್ಪ, ಇಪ್ಪತ್ತು ವರ್ಷ ನಮ್ಮ ಬ್ಯಾನರ್ ಹೊತ್ತೆ, ಲಿಸ್ಟಲ್ಲೇ ಇಲ್ವಲ್ಲೋ?" ಅಪ್ಪ ನಗುತ್ತಲೇ ಕೇಳಿದರು. ಆ ನಗು ನನಗೆ ಹಿಡಿಸಲಿಲ್ಲ.

"ಮೂರು ಸೆಮಿಸ್ಟರ್ ಓದಿದ್ದು ರಮೇಶಾ. ಆಮೇಲೆ ಹೋಟೆಲಿಗೆ ಸೇರಿದೆ. ಕೋಲು ಹಿಡಿದವನ ಹತ್ರ ಯಾರೂ ವರ್ಷ ಕೇಳುದಿಲ್ಲ ಅಲ್ವಾ?"

ಹೇಳುತ್ತ ಅವರು ಅಪ್ಪನ ಎದೆಯ ಮೇಲಿನ ಟ್ಯಾಗನ್ನು ಓದಿದರು. ಮಾರ್ಚ್‌ನಲ್ಲೇ ಅಪ್ಪನನ್ನು ಮನೆಗೆ ಕಳಿಸಿದ್ದ ಕಂಪನಿಯ ಹೆಸರು ಅದರಲ್ಲಿತ್ತು, ಅಪ್ಪ ತಿದ್ದಿಸಿರಲಿಲ್ಲ. ಕೆಲಸ ಹೋದದ್ದು ಅಂಕಲ್‌ಗೂ ಗೊತ್ತಿತ್ತು.

"ನೀನು ಒಳಗೆ ಹೋಗು ಮಾರಾಯ. ಚಳಿ ಉಂಟು," ಎಂದಷ್ಟೇ ಹೇಳಿದರು.

ಅಪ್ಪ ಟ್ಯಾಗಿನ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದರು. ಆ ಬೇಸಿಗೆಯಲ್ಲಿ ಅದೇ ವಿಶ್ವವಿದ್ಯಾಲಯವನ್ನು ಅರ್ಧಕ್ಕೆ ಬಿಟ್ಟಿದ್ದ ನಾನು ಹೊರಗೇ ಉಳಿದೆ.

"ನಿಂದು ಎಷ್ಟು ಸೆಮಿಸ್ಟರ್ ಮಗಾ?" ಅಂಕಲ್ ನನ್ನ ಕಡೆ ತಿರುಗಿದರು.

"ಟೂ."

"ಹಾಗಾದ್ರೆ ನಾನು ನಿನಗೆ ಸೀನಿಯರ್," ಎಂದು ಎಡ ಹೆಗಲು ಎತ್ತಿಕೊಂಡೇ ಪಾರ್ಕಿಂಗಿನ ಕಡೆ ನಡೆದರು.

ಆ ಮೂರು ಸೆಮಿಸ್ಟರೂ ನಿಜವೋ ಅಲ್ಲವೋ ಎಂಬ ಅನುಮಾನ ನನಗೆ ಈಗಲೂ ಇದೆ. ಆದರೆ ಪದ್ಧತಿಗಳನ್ನು ಉಳಿಸಿಕೊಂಡು ಬರುವವರು ಬಹುಶಃ ಇಂಥವರೇ. ಪಟ್ಟಿಯಲ್ಲಿ ಹೆಸರಿರುವವರು ಒಂದು ವರ್ಷ ಬರದಿದ್ದರೂ ನಡೆಯುತ್ತದೆ; ಹೆಸರಿಲ್ಲದವರು ಒಂದು ವರ್ಷವೂ ತಪ್ಪಿಸುವಂತಿಲ್ಲ.